ಉಂಡ ತಲೆಗಳ ಲೆಕ್ಕ

ಸೂಜಿಯಕ್ಕ ಸೋತದ್ದನ್ನು ಆ ಕಟ್ಟಡದಲ್ಲಿ ಯಾರೂ ಕಂಡಿರಲಿಲ್ಲ. ಕಾಣಬೇಕೆಂಬ ಆಸೆಯೇನೋ ಎಲ್ಲರಿಗೂ ಇತ್ತು.

ಅದೊಂದು ಹಳೇ ಕಟ್ಟಡ, ನಡುವೆ ಒಂದೇ ಕಲ್ಲಿನ ಮೆಟ್ಟಿಲು. ಹತ್ತಿ ಇಳಿದವರ ಕಾಲಿಗೆ ಸವೆದು ಮೆಟ್ಟಿಲುಗಳೆಲ್ಲ ಮಧ್ಯದಲ್ಲಿ ತಗ್ಗಾಗಿದ್ದವು. ನೆಲಮಟ್ಟದ ಮನೆಯಲ್ಲಿ ಟಿಕೆಟ್ ಅಜ್ಜ ಒಬ್ಬರೇ ಇದ್ದರು. ಅವರ ಎದುರು ಬಾಗಿಲು ಟೈಲ್ಸ್ ಕೂರಿಸುವ ಅಣ್ಣತಮ್ಮಂದಿರದು. ಇಬ್ಬರಿಗೂ ಮದುವೆಯಾಗಿರಲಿಲ್ಲ, ಇಬ್ಬರಿಗೂ ಒಲೆ ಹಚ್ಚಲು ಬರುತ್ತಿರಲಿಲ್ಲ. ಅದರ ಮೇಲಿನ ಅಂತಸ್ತಿನಲ್ಲಿ ಬೇಕರಿಯಮ್ಮನ ಸಂಸಾರ, ಗೋಡೆಗೆ ಗೋಡೆ ತಾಗಿಕೊಂಡು ಸೂಜಿಯಕ್ಕನ ಸಂಸಾರ. ಎಲ್ಲಕ್ಕಿಂತ ಮೇಲೆ ಒಂದೇ ಕೋಣೆಯ ಮನೆ. ಹಿಂದೆ ಮುರುಕು ಸಾಮಾನು ತುಂಬಿಡುತ್ತಿದ್ದ ಆ ಕೋಣೆ ಬಹುಕಾಲ ಬೀಗ ಹಾಕಿಕೊಂಡೇ ಇತ್ತು.

ಈ ಮೆಟ್ಟಿಲ ಮೇಲೆ ಪ್ರತಿ ಶನಿವಾರ ಸಂಜೆ ಒಂದು ಆಟ ನಡೆಯುತ್ತಿತ್ತು. ಬೇರೆ ಕಡೆಯ ಜನ ಇಸ್ಪೀಟು ಆಡುತ್ತಾರೆ, ಇವರು ವಾರದ ಖರ್ಚನ್ನು ಆಡುತ್ತಿದ್ದರು. ಆ ವಾರ ಮನೆಗೆ ತಂದ ಅಕ್ಕಿ, ಬೇಳೆ, ಬ್ರೆಡ್ಡು, ತರಕಾರಿ, ಹಾಲು, ಸೋಪು, ಬೆಂಕಿಪೊಟ್ಟಣ, ಹಲ್ಲುಜ್ಜುವ ಪೇಸ್ಟು ಎಲ್ಲ ಸೇರಿ ಎಷ್ಟಾಯಿತು ಎಂದು ಒಬ್ಬೊಬ್ಬರೂ ಹೇಳಬೇಕು. ಔಷಧಿ, ಚಪ್ಪಲಿ, ಶಾಲೆಯ ಪುಸ್ತಕ ಲೆಕ್ಕಕ್ಕಿಲ್ಲ. ತಿಂಗಳಿಗೊಮ್ಮೆ ತರುವ ಎಣ್ಣೆಯನ್ನು ನಾಲ್ಕು ವಾರಕ್ಕೆ ಹಂಚಬೇಕು. ಬಂದ ಮೊತ್ತವನ್ನು, ತಾವು ಆಡದೆ ತೀರ್ಪಷ್ಟೇ ಹೇಳುವ ಟಿಕೆಟ್ ಅಜ್ಜ ಮನೆಯ ತಲೆಗಳಿಂದ ಭಾಗಿಸುತ್ತಿದ್ದರು. ತಲೆಗೆ ಬಿದ್ದ ಖರ್ಚು ಯಾರದು ಎಲ್ಲಕ್ಕಿಂತ ಕಡಿಮೆಯೋ ಅವರು ಗೆದ್ದರು. ಗೆದ್ದವರಿಗೆ ಬೆತ್ತದ ಕುರ್ಚಿ; ಆ ಸಂಜೆಯೆಲ್ಲ ಅವರು ಕುರ್ಚಿಯ ಮೇಲೆ, ಉಳಿದವರು ಕಲ್ಲಿನ ಮೇಲೆ. ಎಲ್ಲರಿಗಿಂತ ಹೆಚ್ಚು ಖರ್ಚು ಮಾಡಿದವರು ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ ಕೂತು ಹೋಗಿಬರುವವರಿಗೆ ದಾರಿ ಬಿಡಬೇಕು. ಆ ಜಾಗ ಟೈಲ್ಸ್ ಅಣ್ಣತಮ್ಮಂದಿರಿಗೆ ಗುತ್ತಿಗೆ ಕೊಟ್ಟಂತಿತ್ತು. ಮೂರು ಹೊತ್ತೂ ಹೋಟೆಲಿನಿಂದ ಕಟ್ಟಿಸಿಕೊಂಡು ಬರುವವರು ಇನ್ನೆಲ್ಲಿ ಕೂರಬೇಕು.

ಆಟಕ್ಕೆ ನಿಯಮಗಳೂ ಇದ್ದವು, ಒಂದೊಂದೂ ಒಂದೊಂದು ಜಗಳದಲ್ಲಿ ಹುಟ್ಟಿದ್ದು. ಬೇಕರಿಯಮ್ಮ ತನ್ನ ಹಸುಗೂಸನ್ನೂ ತಲೆ ಎಂದು ಸೇರಿಸಿ ಗೆಲ್ಲಲು ನೋಡಿದ ವರ್ಷ 'ಹಲ್ಲು ಬಂದರೆ ತಲೆ' ಎಂಬ ನಿಯಮ ಬಂತು. ಅವಳ ತಮ್ಮ ಬಂದು ಠಿಕಾಣಿ ಹೂಡಿ, ನಾಲ್ಕಾಳಿನ ಊಟ ಒಬ್ಬನೇ ಉಂಡಾಗ ಇನ್ನೊಂದು ಬಂತು: ವಾರದಲ್ಲಿ ಮೂರು ರಾತ್ರಿಗಿಂತ ಹೆಚ್ಚು ಯಾರು ಎಲ್ಲಿ ಉಂಡರೋ ಆ ತಲೆ ಉಂಡ ಮನೆಗೆ ಸೇರಿದ್ದು. "ಉಂಡ ಮನೆಗೇ ತಲೆ" ಎಂದು ಅಜ್ಜ ತೀರ್ಪು ಕೊಟ್ಟರು. ಅವರು ಆಯುಷ್ಯವೆಲ್ಲ ಬಸ್ಸಿನಲ್ಲಿ ಟಿಕೆಟ್ ಹರಿದವರು. ಯಾರ ಚಿಲ್ಲರೆಯನ್ನೂ ಉಳಿಸಿಕೊಂಡವನಲ್ಲ ನಾನು ಎಂದು ತಾವೇ ಹೇಳಿಕೊಳ್ಳುತ್ತಿದ್ದರು. ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಮಾತು ಸಾಮಾನ್ಯವಾಗಿ ಸುಳ್ಳಿರುತ್ತದೆ. ಅಜ್ಜನ ವಿಷಯದಲ್ಲಿ ಅದು ನಿಜವಾಗಿತ್ತು.

ಇಂಥ ಆಟದಲ್ಲಿ ಸೂಜಿಯಕ್ಕ ಬೆತ್ತದ ಕುರ್ಚಿ ಬಿಟ್ಟು ಕೆಳಗಿಳಿದವಳೇ ಅಲ್ಲ.

ಅವಳ ಕೆಲಸ ಬಟ್ಟೆ ರಿಪೇರಿ ಅಂಗಡಿಯಲ್ಲಿ. ಸವೆದ ಕಾಲರನ್ನು ಬಿಚ್ಚಿ, ಒಳಮೈಯನ್ನು ಹೊರಗೆ ಮಾಡಿ, ಹೊಸ ಅಂಗಿಯೇ ಅನ್ನುವ ಹಾಗೆ ಕೂರಿಸುವುದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವಳು, ಕಚ್ಚಿಕೊಂಡೇ ನಗುವಳು. ಒಬ್ಬಳೇ ದುಡಿದು ಐದು ಮಕ್ಕಳನ್ನು ಸಾಕಿದ ತಾಯಿಯ ಮಗಳು. ಆ ಮನೆಯಲ್ಲಿ ಬಡತನವೇನೋ ಧಾರಾಳವಾಗಿತ್ತು, ಆದರೆ ಯಾರೂ ಅರೆಹೊಟ್ಟೆಯಲ್ಲಿ ಮಲಗಿದ್ದಿಲ್ಲ. ಅದನ್ನು ಹೇಳುವಾಗ ಸೂಜಿಯಕ್ಕನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು. ಸಂತೆ ಮುಗಿಯುವ ಹೊತ್ತಿಗೆ ಹೋಗಿ, ಗಾಡಿ ಕಟ್ಟುವ ಅವಸರದಲ್ಲಿರುವವನ ಹತ್ತಿರ ಚೌಕಾಸಿ ಮಾಡುವುದು, ಬಿರುಕು ಬಿಟ್ಟ ಮೊಟ್ಟೆಯನ್ನು ಅರ್ಧ ಬೆಲೆಗೆ ತರುವುದು, ಸವೆದ ಸೋಪಿನ ಚೂರನ್ನು ಹೊಸ ಸೋಪಿನ ಬೆನ್ನಿಗೆ ಅಂಟಿಸುವುದು, ಇದೆಲ್ಲ ತಾಯಿಯಿಂದ ಬಂದ ಆಸ್ತಿ.

"ತಟ್ಟೇಲಿ ಕೈಬಿಗಿ ಮಾಡಿದ್ರೆ ಅದು ಉಳಿತಾಯ ಅಲ್ಲ, ಜಿಪುಣತನ" ಎಂದು ಅವಳು ಕುರ್ಚಿಯ ಮೇಲಿಂದ ಉಪದೇಶ ಮಾಡುತ್ತಿದ್ದಳು. "ಹೊಟ್ಟೆ ತುಂಬ ಉಂಡು ಕಡಿಮೆ ಖರ್ಚು ಮಾಡಿ ತೋರಿಸ್ಬೇಕು. ಅದು ಗೆಲುವು."

ಬಸ್ ಡಿಪೋದಲ್ಲಿ ಬಸ್ಸು ತೊಳೆಯುವ ಅವಳ ಗಂಡ ಪಕ್ಕದಲ್ಲೇ ಕಲ್ಲಿನ ಮೇಲೆ ಕೂತು, ತಾನೇ ಗೆದ್ದವನಂತೆ ಮೀಸೆ ನೀವಿಕೊಳ್ಳುತ್ತಿದ್ದ. ಗಂಡ, ಹೆಂಡತಿ, ಹೈಸ್ಕೂಲಿಗೆ ಹೋಗುವ ಮಗಳು, ಮೂರು ತಲೆ. ಮಗಳ ಹೊಟ್ಟೆಗೆ ತಳವಿರಲಿಲ್ಲ. ಹಾಗಿದ್ದೂ ಗೆಲ್ಲುತ್ತಾಳಲ್ಲ ಎಂದು ಬೇಕರಿಯಮ್ಮ ಒಳಗೊಳಗೇ ಕುದಿಯುತ್ತಿದ್ದಳು.

ಹೀಗಿರುವಾಗ ಮೇಲಿನ ಕೋಣೆಯ ಬೀಗ ತೆರೆಯಿತು. ಬಂದವಳು ಇನ್ನೂ ಚಿಕ್ಕ ವಯಸ್ಸಿನ ಹೆಂಗಸು, ಜೊತೆಗೆ ಇಬ್ಬರು ಹೆಣ್ಣುಮಕ್ಕಳು. ಗಂಡ ಕಾಯಿಲೆಯಿಂದ ತೀರಿಕೊಂಡಿದ್ದ. ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಕೆಲಸ. ತಲೆ ಎತ್ತಿ ನಡೆಯುವವಳು, ಕೇಳಿದ್ದಕ್ಕಷ್ಟೇ ಉತ್ತರ ಕೊಡುವವಳು. ಮೇಲ್ಮನೆಯವಳು ಎಂಬ ಹೆಸರು ಎರಡೇ ದಿನದಲ್ಲಿ ಅಂಟಿಕೊಂಡಿತು. ಮೆಟ್ಟಿಲ ಆಟಕ್ಕೆ ಅವಳನ್ನು ಬೇಕರಿಯಮ್ಮನೇ ಕೈಹಿಡಿದು ಕರೆತಂದಳು. ಹೊಸಬಳಾದರೂ ಸೋತು ಕೆಳಗೆ ಕೂತರೆ ತನಗೆ ಒಂದು ಮೆಟ್ಟಿಲು ಬಡ್ತಿ ಸಿಗುತ್ತದೆಂಬ ಲೆಕ್ಕ.

ಮೊದಲ ಒಂದೆರಡು ತಿಂಗಳು ಅವಳು ಹಿಂದೂ ಇಲ್ಲದೆ ಮುಂದೂ ಇಲ್ಲದೆ ನಡುವೆ ಕೂತಳು. ಆಮೇಲೆ ಒಂದು ಶನಿವಾರ ಅಜ್ಜ ಭಾಗಿಸಿ, ಇನ್ನೊಮ್ಮೆ ಭಾಗಿಸಿ, ಕನ್ನಡಕ ಒರೆಸಿಕೊಂಡು ಹೇಳಿದರು.

"ಸೂಜಿಯಕ್ಕನ ಮನೆ, ತಲೆಗೆ ನಲವತ್ತಾರು. ಮೇಲಿನ ಮನೆ, ತಲೆಗೆ ಮೂವತ್ತೊಂದು."

ಮೆಟ್ಟಿಲ ಮೇಲೆ ಎಲ್ಲರೂ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಟೈಲ್ಸ್ ಅಣ್ಣತಮ್ಮಂದಿರು ಸಿಳ್ಳೆ ಹಾಕಿದರು. ಸೂಜಿಯಕ್ಕ ಎದ್ದು ಕುರ್ಚಿ ಬಿಟ್ಟುಕೊಟ್ಟಳು. ನಗುತ್ತಲೇ ಬಿಟ್ಟುಕೊಟ್ಟಳೆನ್ನಿ, ಆದರೆ ನಗು ಕೆನ್ನೆಯವರೆಗೆ ಬಂದು ಅಲ್ಲೇ ನಿಂತಿತು. ಕಲ್ಲಿನ ಮೇಲೆ ಕೂತು ಅವಳಿಗೆ ಅಭ್ಯಾಸವೇ ತಪ್ಪಿತ್ತು.

ಮುಂದಿನ ವಾರವೂ ಹಾಗೇ. ಅದರ ಮುಂದಿನ ವಾರ ಮೇಲಿನ ಮನೆಯ ಲೆಕ್ಕ ಇನ್ನೂ ಕೆಳಗಿಳಿಯಿತು. ಸೂಜಿಯಕ್ಕನಿಗೆ ತಡೆಯಲಾಗಲಿಲ್ಲ.

"ಏನಮ್ಮಾ, ಗಾಳಿ ಕುಡಿದು ಬದುಕ್ತೀರೇನು ಮೂರೂ ಜನ?" ಎಂದುಬಿಟ್ಟಳು.

ಎಲ್ಲರೂ ನಕ್ಕರು. ಮೇಲ್ಮನೆಯವಳೂ ನಕ್ಕಳು. "ಎಲ್ಲರಿಗಿಂತ ಮೇಲಿನ ಮನೆ ಅಲ್ವಾ ಅಕ್ಕ, ಗಾಳಿ ಚೆನ್ನಾಗಿ ಬೀಸುತ್ತೆ" ಎಂದು ಅಷ್ಟೇ ಹಗುರಾಗಿ ತಿರುಗಿಸಿ ಕೊಟ್ಟಳು. ಜಾಣೆ ಎಂದು ಸೂಜಿಯಕ್ಕನಿಗೂ ಅನ್ನಿಸಿತು. ಜಾಣತನ ಒಪ್ಪಿಕೊಂಡರೂ ಹೊಟ್ಟೆಯುರಿ ಆರಲಿಲ್ಲ. ಯಾವುದೋ ನೆಂಟರ ಮನೆಯಿಂದ ಅಕ್ಕಿ ಬರುತ್ತಿರಬೇಕು, ಅದನ್ನು ಲೆಕ್ಕಕ್ಕೆ ಹಿಡಿಯುತ್ತಿಲ್ಲ, ಹಿಡಿದೇ ತೀರುತ್ತೇನೆ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಮೇಲೆ ಹೋಗುವ ಚೀಲ ದಿನದಿನಕ್ಕೆ ಸಣ್ಣದಾಗುತ್ತಿತ್ತೇ ಹೊರತು ಬೇರೆ ಯಾವ ಚೀಲವೂ ಹತ್ತಲಿಲ್ಲ.

ಕಳ್ಳತನ ಹಿಡಿಯಲು ಹೊರಟವಳಿಗೆ ಬೇರೊಂದೇ ಸಿಕ್ಕಿತು. ಅದೂ ಅವಳ ಕಸುಬಿನ ದಾರಿಯಲ್ಲೇ ನಡೆದು ಬಂತು.

ಒಂದು ದಿನ ಮೇಲ್ಮನೆಯವಳು ದೊಡ್ಡ ಮಗಳ ಶಾಲೆಯ ಲಂಗ ಹಿಡಿದುಕೊಂಡು ಬಾಗಿಲಿಗೆ ಬಂದಳು.

"ಅಕ್ಕ, ಇದರ ಸೊಂಟ ಸ್ವಲ್ಪ ಹಿಡಿದು ಕೊಡ್ತೀರಾ? ಜಾರ್ತಾ ಇದೆ. ಮಜೂರಿ ಎಷ್ಟು ಅಂತ ಮೊದ್ಲೇ ಹೇಳಿ."

"ಮಜೂರಿ ಇರ್ಲಿ. ದೊಡ್ಡ ಸೈಜು ತಂದುಬಿಟ್ಯಾ?"

"ಹೂಂ ಅಕ್ಕ. ಬೆಳೀತಾಳೆ, ಇರ್ಲಿ ಅಂತ."

ಅವಳು ಮೆಟ್ಟಿಲು ಹತ್ತಿ ಹೋದ ಮೇಲೆ ಸೂಜಿಯಕ್ಕ ಲಂಗವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬಟ್ಟೆ ಸುಳ್ಳು ಹೇಳುವುದಿಲ್ಲ. ಅಂಚನ್ನು ಒಮ್ಮೆ ಬಿಚ್ಚಿ ಉದ್ದ ಮಾಡಿದ ಗೆರೆ ಅಲ್ಲಿತ್ತು, ಅಂದರೆ ಹುಡುಗಿ ಎತ್ತರಕ್ಕೆ ಬೆಳೆದಿದ್ದಾಳೆ. ಸೊಂಟದಲ್ಲಿ ಹುಕ್ಕನ್ನು ಕಿತ್ತು ಒಳಗೆ ಸರಿಸಿದ ತೂತುಗಳಿದ್ದವು. ಒಂದು ಸಲ ಸರಿಸಿ, ಮತ್ತೊಂದು ಸಲ ಇನ್ನೂ ಒಳಗೆ ಸರಿಸಿದ್ದು. ಮೊದಲ ಹುಕ್ಕು ಇದ್ದ ಜಾಗದಲ್ಲಿ ಬಟ್ಟೆ ಎಳೆದು ಸವೆದಿತ್ತು, ಅಂದರೆ ಒಂದು ಕಾಲದಲ್ಲಿ ಇದೇ ಲಂಗ ಅದೇ ಸೊಂಟಕ್ಕೆ ಬಿಗಿಯಾಗಿ ಕೂತಿತ್ತು. ಮಕ್ಕಳ ಬಟ್ಟೆಯನ್ನು ಉದ್ದಕ್ಕೂ ಬಿಚ್ಚುತ್ತಾರೆ, ಅಗಲಕ್ಕೂ ಬಿಚ್ಚುತ್ತಾರೆ. ಉದ್ದಕ್ಕೆ ಬಿಚ್ಚಿ ಅಗಲಕ್ಕೆ ಹಿಡಿದ ಬಟ್ಟೆ ಸೂಜಿಯಕ್ಕನ ಕೈಗೆ ಬಂದದ್ದು ಅದೇ ಮೊದಲು.

ಅವಳು ಗುಂಡುಸೂಜಿಗಳನ್ನು ಬಾಯಿಂದ ತೆಗೆದು ಮೇಜಿನ ಮೇಲಿಟ್ಟಳು. ಗಾಳಿ ಕುಡಿದು ಬದುಕ್ತೀರೇನು. ಆಡಿದ ಮಾತು ತಿರುಗಿ ಬಂದು ಅವಳಿಗೇ ಚುಚ್ಚಿತು. ಹೊಟ್ಟೆ ತುಂಬ ಉಂಡು ಗೆಲ್ಲಬೇಕೆಂಬ ನಿಯಮವನ್ನು ಯಾರೂ ಬಾಯಿಬಿಟ್ಟು ಮಾಡಿರಲಿಲ್ಲ. ಉಣ್ಣದೆ ಗೆಲ್ಲುವವರು ಬರಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಆಮೇಲೆ ಬೇಕರಿಯಮ್ಮನನ್ನು ಅಡ್ಡಮಾತಿನಲ್ಲಿ ಕೆದಕಿದಾಗ ತಿಳಿಯಿತು, ಪೆಟ್ಟಿಗೆ ಕಾರ್ಖಾನೆಯಲ್ಲಿ ಈಗ ವಾರಕ್ಕೆ ಎರಡು ದಿನವಷ್ಟೇ ಕೆಲಸ. ಆದರೂ ಮೇಲ್ಮನೆಯವಳು ದಿನಾ ಬೆಳಿಗ್ಗೆ ಬುತ್ತಿಚೀಲ ಹಿಡಿದು ಇಳಿದು ಹೋಗುತ್ತಿದ್ದಳು, ಸಂಜೆ ಹತ್ತಿ ಬರುತ್ತಿದ್ದಳು. ಬೇರೆ ಕೆಲಸ ಕೇಳಿಕೊಂಡು ಊರೆಲ್ಲ ಸುತ್ತುತ್ತಿದ್ದಾಳೆ, ಬುತ್ತಿಚೀಲದಲ್ಲಿ ಬುತ್ತಿ ಇಲ್ಲ ಎಂಬುದು ಸೂಜಿಯಕ್ಕನಿಗೆ ಈಗ ಅರ್ಥವಾಯಿತು. ಶನಿವಾರದ ಕುರ್ಚಿಯೊಂದೇ ಅವಳ ಮಾನ ಕಾಯುತ್ತಿತ್ತು. ಆ ಕುರ್ಚಿಯಲ್ಲಿ ಕೂತಾಗ ಅವಳು ಇಲ್ಲದವಳಲ್ಲ, ಗೆದ್ದವಳು.

ಸೂಜಿಯಕ್ಕ ಸೊಂಟ ಹಿಡಿದು ಹೊಲಿದಳು. ಹೆಚ್ಚಾದ ಬಟ್ಟೆಯನ್ನು ಕತ್ತರಿಸಲಿಲ್ಲ, ಒಳಗೆ ಮಡಚಿ ದೊಡ್ಡ ಹೊಲಿಗೆ ಹಾಕಿದಳು. ಲಂಗ ವಾಪಸ್ ಕೊಡುವಾಗ ಜೊತೆಗೆ ಒಂದು ಬಟ್ಟಲು ತುಂಬ ಬೇಯಿಸಿದ ಬೇಳೆ, ಆಲೂಗಡ್ಡೆ ಕೊಟ್ಟು, "ಜಾಸ್ತಿ ಆಗಿತ್ತಮ್ಮ, ಮಕ್ಕಳಿಗೆ ಹಾಕು" ಎಂದಳು.

ಮಾರನೆಯ ದಿನ ಬಟ್ಟಲು ತೊಳೆದು ವಾಪಸ್ ಬಂತು. ಖಾಲಿ ಬರಲಿಲ್ಲ, ಅಂಚಿನವರೆಗೆ ಸಕ್ಕರೆ ತುಂಬಿತ್ತು. ಹೊಸದಾಗಿ ಕೊಂಡು ತಂದ ಸಕ್ಕರೆ.

ಸೂಜಿಯಕ್ಕ ಆ ಬಟ್ಟಲನ್ನು ನೋಡಿ ಹಣೆ ಚಚ್ಚಿಕೊಂಡಳು. ಒಳ್ಳೇದು ಮಾಡಲು ಹೋಗಿ ಅವರ ಎರಡು ದಿನದ ಹಾಲಿನ ದುಡ್ಡು ಕಳೆದಿದ್ದಳು. ಇನ್ನೊಂದು ಬಟ್ಟಲು ಕಳಿಸಿದರೆ ಇನ್ನೊಂದು ಬಟ್ಟಲು ಸಕ್ಕರೆ ಬರುತ್ತದೆ, ಮೂರನೆಯದಕ್ಕೆ ಮೇಲ್ಮನೆಯವಳು ಮನೆಯನ್ನೇ ಖಾಲಿ ಮಾಡಿಕೊಂಡು ಹೋಗುತ್ತಾಳೆ. ಕೊಟ್ಟರೆ ತೆಗೆದುಕೊಳ್ಳುವವಳಲ್ಲ. ಹಾಗಾದರೆ ಅವಳ ಹಕ್ಕಿನದಾಗಿ ಬರಬೇಕು, ಕೈಚಾಚದೆ, ತಲೆ ತಗ್ಗಿಸದೆ. ಕಾಲರ್ ತಿರುಗಿಸುತ್ತ ತಿರುಗಿಸುತ್ತ ಅವಳಿಗೆ ದಾರಿ ಕಂಡಿತು. ಕಂಡ ಮೇಲೆ ಸ್ವಲ್ಪ ಸಂಕಟವೂ ಆಯಿತು, ಏಕೆಂದರೆ ಆ ದಾರಿ ಕುರ್ಚಿಯಿಂದ ಬಹಳ ದೂರ ಹೋಗುತ್ತಿತ್ತು.

ಶನಿವಾರ ಎಲ್ಲರೂ ಸೇರಿದಾಗ ಅವಳು ಗಂಟಲು ಸರಿಮಾಡಿಕೊಂಡಳು.

"ಅಜ್ಜ, ಬರೀ ಕುರ್ಚಿ ಕೊಟ್ರೆ ಗೆದ್ದೋರಿಗೆ ಏನು ಬಂತು? ಬೆನ್ನು ನೋವು ಬಂತು. ಆಟ ಅಂದ್ಮೇಲೆ ಪಣ ಇರ್ಬೇಕು. ಕೊನೇ ಮೆಟ್ಟಿಲಲ್ಲಿ ಕೂರೋರು ಗೆದ್ದ ಮನೆಗೆ ಮುಂದಿನ ವಾರ ಪೂರ್ತಿ ರಾತ್ರಿ ಊಟ ಹಾಕ್ಬೇಕು. ಮನೆ ಮಂದಿಗೆಲ್ಲ."

ಟೈಲ್ಸ್ ಅಣ್ಣತಮ್ಮಂದಿರ ಮುಖ ಬಿಳಿಚಿಕೊಂಡಿತು. "ಅಕ್ಕ, ನಮಗೇ ನಾವು ಅಡುಗೆ ಮಾಡ್ಕೊಳ್ಳಲ್ಲ" ಎಂದ ಅಣ್ಣ.

"ಸೋಲ್ದಿದ್ರೆ ಆಯ್ತು."

"ನಿನ್ನ ಲೆಕ್ಕ ನಂಗೊತ್ತು ಬಿಡು" ಎಂದಳು ಬೇಕರಿಯಮ್ಮ. "ಮತ್ತೆ ನೀನೇ ಗೆದ್ದು ನಮ್ಮನೇಲಿ ಬಿಟ್ಟಿ ಊಟ ಹೊಡೆಯೋ ಪ್ಲಾನು."

"ಹಾಗೇ ಅಂದ್ಕೋ" ಎಂದಳು ಸೂಜಿಯಕ್ಕ.

ಅಜ್ಜ ಗಡ್ಡ ಕೆರೆದುಕೊಂಡರು. "ಒಂದು ತೊಡಕಿದೆಯಲ್ಲಮ್ಮ. ಗೆದ್ದೋರಿಗೆ ರಾತ್ರಿ ಊಟ ಬಿಟ್ಟಿ ಸಿಕ್ಕಿದ್ರೆ ಅವರ ಖರ್ಚು ಇನ್ನೂ ಇಳಿಯುತ್ತೆ. ಹಾಗಾದ್ರೆ ಗೆದ್ದೋರೇ ಗೆಲ್ತಾ ಹೋಗ್ತಾರೆ. ಊಟ ಹಾಕಿದೋರ ಖರ್ಚು ಏರುತ್ತೆ, ಸೋತೋರೇ ಸೋಲ್ತಾ ಹೋಗ್ತಾರೆ."

"ಹೋಗ್ಲಿ ಬಿಡಿ ಅಜ್ಜ. ಗೆಲ್ಲೋರು ಗೆಲ್ಲಲಿ."

"ಮತ್ತೆ ಉಂಡ ಮನೆಗೇ ತಲೆ ಅನ್ನೋ ನಿಯಮ?"

"ಪಣದ ಊಟಕ್ಕೆ ಅದು ಬೇಡ. ಅವರವರ ತಲೆ ಅವರವರ ಮನೆಗೇ ಇರ್ಲಿ."

ಅಜ್ಜ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. ಬಸ್ಸಿನಲ್ಲಿ ಯಾರು ಟಿಕೆಟ್ ತೆಗೆದಿದ್ದಾರೆ, ಯಾರು ತೆಗೆದಿಲ್ಲ ಎಂದು ಮುಖ ನೋಡಿಯೇ ಹೇಳುತ್ತಿದ್ದ ಕಣ್ಣು ಅದು. ಅವಳಿಂದ ಜಾರಿ ಆ ನೋಟ ಬೆತ್ತದ ಕುರ್ಚಿಯ ಕಡೆ ಹೋಯಿತು, ಅಲ್ಲಿ ಕೂತಿದ್ದವಳ ಮಡಿಲಲ್ಲಿ ನಿದ್ದೆಗಣ್ಣಿನಲ್ಲಿದ್ದ ಚಿಕ್ಕ ಮಗುವಿನ ಕಡೆ ಹೋಯಿತು.

"ಸರಿ. ಮುಂದಿನ ಶನಿವಾರದಿಂದ ಜಾರಿ" ಎಂದರು.

ಇನ್ನು ಸೋಲಬೇಕಿತ್ತು. ಸೋಲುವುದು ಸುಲಭ ಎನ್ನುವವರು ಟೈಲ್ಸ್ ಅಣ್ಣತಮ್ಮಂದಿರನ್ನು ಕಂಡವರಲ್ಲ. ಅವರನ್ನು ಮೀರಿಸಿ ಖರ್ಚು ಮಾಡುವುದೆಂದರೆ ಸೂಜಿಯಕ್ಕನಂಥವಳಿಗೆ ಎಡಗೈಯಲ್ಲಿ ಬರೆದ ಹಾಗೆ. ಸಂತೆಗೆ ಬೆಳಿಗ್ಗೆಯೇ ಹೋದಳು, ಹೇಳಿದ ಬೆಲೆ ಕೊಟ್ಟಳು. ತರಕಾರಿಯವನು ಗಾಬರಿಯಾಗಿ, "ಅಕ್ಕ, ಮೈಗೆ ಹುಷಾರಿಲ್ವಾ?" ಎಂದು ಕೇಳಿದ. ಬಿರುಕಿಲ್ಲದ ಮೊಟ್ಟೆ ತಂದಳು, ಬೆಣ್ಣೆ ತಂದಳು, ಒಂದು ಇಡೀ ಕೋಳಿ ತಂದಳು. ಗಂಡ ಕೋಳಿಯನ್ನು ನೋಡಿದ, ಹೆಂಡತಿಯನ್ನು ನೋಡಿದ.

"ಏನೇ ಇದು, ಲಾಟರಿ ಗೀಟರಿ ಹೊಡೀತಾ?"

"ತಿನ್ರೀ ಸುಮ್ನೆ. ಯಾವತ್ತೂ ತಿಂದಿಲ್ವಾ?"

"ತಿಂದಿದೀನಿ. ಬೇರೆಯೋರ ಮದುವೇಲಿ."

ಆ ಶನಿವಾರ ಅಜ್ಜ ಲೆಕ್ಕ ಹೇಳಿದಾಗ ಕಟ್ಟಡವೇ ಅದುರಿತು. ಮೇಲಿನ ಮನೆ ಇಪ್ಪತ್ತೆಂಟು. ಟೈಲ್ಸ್ ಅಣ್ಣತಮ್ಮಂದಿರು ಎಂಬತ್ತೈದು. ಸೂಜಿಯಕ್ಕನ ಮನೆ ಎಂಬತ್ತೊಂಬತ್ತು. ಅಣ್ಣತಮ್ಮಂದಿರು ಕೊನೆಯ ಮೆಟ್ಟಿಲಿನಿಂದ ಎದ್ದು, ಅಂಗಿಯಿಂದ ಧೂಳು ಒರೆಸಿ, "ದಯಮಾಡಿಸಿ ಅಕ್ಕ" ಎಂದು ಬಾಗಿದರು. ಬೇಕರಿಯಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರಲ್ಲ, ಇದೇ ನೋಡು" ಎಂದಳು. ಸೂಜಿಯಕ್ಕ ಕೊನೆಯ ಮೆಟ್ಟಿಲಲ್ಲಿ ಕೂತಳು. ಬೀದಿಯಲ್ಲಿ ಹೋಗುವವರ ಚಪ್ಪಲಿಯ ಧೂಳು ನೇರ ಸೀರೆಗೇ ಬೀಳುವ ಜಾಗ ಅದು. ಅವಮಾನವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆಯಿತು, ಚೆನ್ನಾಗಿಯೇ ಆಯಿತು. ಅದನ್ನು ನುಂಗಿಕೊಂಡು ಅವಳು ಮೇಲೆ ನೋಡಿ ಕೂಗಿದಳು.

"ನಾಳೆ ಏಳು ಗಂಟೆಗೆ ಮಕ್ಕಳನ್ನ ಕರ್ಕೊಂಡು ಬಾಮ್ಮ. ಲೇಟಾದ್ರೆ ಪಣ ರದ್ದು."

ಮೇಲ್ಮನೆಯವಳು ಬಂದಳು. ಗೆದ್ದವಳಾಗಿ ಬಂದಳು, ನೆಟ್ಟಗೆ ಕೂತಳು, "ಉಪ್ಪು ಸ್ವಲ್ಪ ಮುಂದಾಯ್ತು ಅಕ್ಕ" ಎಂದು ಹೇಳುವಷ್ಟು ಧೈರ್ಯವಾಗಿ ಉಂಡಳು. ಸೂಜಿಯಕ್ಕನಿಗೆ ಆ ಮಾತು ಕೇಳಿ ಆದ ಸಂತೋಷ ಅಷ್ಟಿಷ್ಟಲ್ಲ. ದೊಡ್ಡ ಹುಡುಗಿ ಮೊದಲ ದಿನ ಅಮ್ಮನ ಮುಖ ನೋಡಿ ನೋಡಿ ತಿಂದಳು, ನಾಲ್ಕನೆಯ ದಿನ ಯಾರ ಮುಖವನ್ನೂ ನೋಡಲಿಲ್ಲ. ಚಿಕ್ಕದು ಬ್ರೆಡ್ಡಿನ ತುಂಡೊಂದನ್ನು ಮೆಲ್ಲಗೆ ಜೇಬಿಗೆ ಸೇರಿಸುವುದನ್ನು ಬಸ್ಸು ತೊಳೆಯುವ ಗಂಡ ನೋಡಿದ. ಅವನು ಹೆಂಡತಿಯ ಕಡೆ ತಿರುಗಿದ. ಅವಳು ತಟ್ಟೆಯ ಕಡೆ ನೋಡುತ್ತಿದ್ದಳು. ಅಷ್ಟರಲ್ಲೇ ಅವನಿಗೆ ಕೋಳಿಯ ಕಥೆಯೆಲ್ಲ ತಿಳಿಯಿತು.

"ನಾಳೆಯಿಂದ ಇನ್ನೆರಡು ಮೊಟ್ಟೆ ಜಾಸ್ತಿ ಹಾಕು" ಎಂದ. "ನಾನು ಡಿಪೋದಲ್ಲಿ ಭಾನುವಾರದ ಪಾಳಿ ಕೇಳಿದೀನಿ."

ಕೇಳಿರಲಿಲ್ಲ. ಮಾರನೆಯ ದಿನ ಹೋಗಿ ಕೇಳಿದ. ಸೂಜಿಯಕ್ಕನೂ ಅಂಗಡಿಯಿಂದ ಒಂದು ಗಂಟು ಕಾಲರುಗಳನ್ನು ಮನೆಗೇ ತರತೊಡಗಿದಳು. ಇಂಥ ಗಂಡ ಸಿಕ್ಕಿದ್ದಾನಲ್ಲ ಎಂದು ಅವಳಿಗೆ ಹೆಮ್ಮೆಯಾಯಿತು, ಬಾಯಿಬಿಟ್ಟು ಹೇಳಿದರೆ ತಲೆಗೇರುತ್ತದೆಂದು ಹೇಳಲಿಲ್ಲ.

ಅಜ್ಜ ಹೇಳಿದ ತೊಡಕು ಅಚ್ಚುಕಟ್ಟಾಗಿ ಕೆಲಸ ಮಾಡಿತು. ಗೆದ್ದವರೇ ಗೆದ್ದರು, ಸೋತವರೇ ಸೋತರು. ಕೋಳಿ, ಬೆಣ್ಣೆಯ ಅಗತ್ಯವೂ ಆಮೇಲೆ ಬೀಳಲಿಲ್ಲ. ಆರು ಬಾಯಿಗೆ ಬೇಯಿಸಿ ಮೂರು ತಲೆಗೆ ಭಾಗಿಸಿದರೆ ಸೋಲು ತಾನಾಗಿಯೇ ಬರುತ್ತಿತ್ತು. ಸೂಜಿಯಕ್ಕ ಮತ್ತೆ ಸಂತೆ ಮುಗಿಯುವ ಹೊತ್ತಿಗೇ ಹೋಗತೊಡಗಿದಳು. ಸೋಲುವವಳಿಗೆ ಚೌಕಾಸಿ ಮಾಡಬಾರದೆಂದು ನಿಯಮವಿರಲಿಲ್ಲ. ಬೀದಿಯಲ್ಲಿ ಮಾತ್ರ ಅವಳ ಹೆಸರು ಕೆಟ್ಟಿತು. ವಯಸ್ಸಾಯಿತು, ಕೈ ಸಡಿಲಾಯಿತು, ನಾಲಿಗೆ ರುಚಿ ಕೇಳುತ್ತಿದೆ ಎಂದು ಆಡಿಕೊಂಡರು. ಅವಳ ಮಗಳೇ ಒಂದು ದಿನ, "ಅಮ್ಮಾ, ನಂಗೆ ನಾಚಿಕೆ ಆಗುತ್ತೆ, ಒಂದ್ಸಲನಾದ್ರೂ ಗೆಲ್ಲು" ಎಂದಳು. ಸೂಜಿಯಕ್ಕ ಬಾಯಿಗೆ ನಾಲ್ಕು ಗುಂಡುಸೂಜಿ ತುಂಬಿಕೊಂಡು ಹೊಲಿಗೆ ಮುಂದುವರಿಸಿದಳು.

ಬೇಸಗೆ ಕಳೆಯಿತು. ಮೇಲ್ಮನೆಯವಳಿಗೆ ಒಂದು ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕಾಯಂ ಕೆಲಸ ಸಿಕ್ಕಿತು. ಸಿಕ್ಕ ಸುದ್ದಿಯನ್ನು ಅವಳು ಯಾರಿಗೂ ಹೇಳಲಿಲ್ಲ. ಮೊದಲ ಸಂಬಳ ಬಂದ ವಾರದ ಶನಿವಾರ ಎರಡೂ ಕೈಯಲ್ಲಿ ಚೀಲ ಹಿಡಿದು ಮೆಟ್ಟಿಲ ಹತ್ತಿರ ಬಂದಳು. ಚೀಲದಿಂದ ಕೋಳಿಯ ಕಾಲು ಹೊರಗೆ ಇಣುಕುತ್ತಿತ್ತು. ಬೆಣ್ಣೆ ಇತ್ತು, ಬಿರುಕಿಲ್ಲದ ಮೊಟ್ಟೆ ಇತ್ತು, ಪರಿಮಳದ ಸೋಪೂ ಇತ್ತು.

ಅಜ್ಜ ಭಾಗಿಸಿದರು. "ಬೇಕರಿ ಮನೆ ಐವತ್ಮೂರು. ಟೈಲ್ಸಿನವರು ಎಂಬತ್ತಾರು. ಸೂಜಿಯಕ್ಕ ಎಂಬತ್ತೆಂಟು. ಮೇಲಿನ ಮನೆ..." ಅವರು ನಿಲ್ಲಿಸಿ ಅವಳ ಮುಖ ನೋಡಿದರು. "ನೂರಾ ಹನ್ನೆರಡು."

ಸೂಜಿಯಕ್ಕ ತನ್ನ ಎಂದಿನ ಜಾಗದಲ್ಲಿ ಕೂರಲು ಹೋದವಳು ಹಾಗೇ ನಿಂತಳು. ಬೇಕರಿಯಮ್ಮ ಬೆತ್ತದ ಕುರ್ಚಿಯ ಕಡೆ ಹೊರಟಾಗಿತ್ತು. ಜೀವಮಾನದಲ್ಲಿ ಮೊದಲ ಸಲ.

"ಅಜ್ಜ, ಒಂದ್ನಿಮಿಷ" ಎಂದಳು ಮೇಲ್ಮನೆಯವಳು. "ಲೆಕ್ಕ ತಪ್ಪಿದೆ."

"ನನ್ನ ಲೆಕ್ಕವೇ?"

"ಸೂಜಿಯಕ್ಕನ ಮನೆ ಲೆಕ್ಕ. ಇಷ್ಟು ದಿನ ಆ ಮನೇಲಿ ಉಂಡಿದ್ದು ಮೂರು ತಲೆ ಅಲ್ಲ, ಆರು."

"ಸುಮ್ನಿರೇ" ಎಂದಳು ಸೂಜಿಯಕ್ಕ ಮೆಲ್ಲಗೆ.

"ಸುಮ್ನಿದ್ದೆ ಅಕ್ಕ, ಇಷ್ಟು ದಿನ. ಬಟ್ಟಲಿಗೆ ಸಕ್ಕರೆ ತುಂಬಿ ಕಳಿಸಿದೋಳು ನಾನು. ಅದಾದ ಮೇಲೆ ಬಂದ ಶನಿವಾರವೇ ಪಣ ಬಂತು. ನಂಗೆ ಅಷ್ಟೂ ಗೊತ್ತಾಗಲ್ವಾ? ಮೊದಲನೇ ದಿನ ಮೆಟ್ಟಿಲಿಳಿಯುವಾಗಲೇ ಗೊತ್ತಿತ್ತು. ಮಕ್ಕಳ ಮುಖ ನೋಡಿ ಇಳಿದೆ. ನನ್ನದೇ ಸಂಬಳ ಕೈಗೆ ಬಂದ ದಿನ ಇಲ್ಲೇ ನಿಂತು ಹೇಳ್ತೀನಿ ಅಂತ ಅಂದ್ಕೊಂಡಿದ್ದೆ. ಇವತ್ತು ಬಂತು." ಅವಳು ಅಜ್ಜನ ಕಡೆ ತಿರುಗಿದಳು. "ಆಗ ನಮ್ಮನೇಲಿ ಏನೂ ಇರ್ಲಿಲ್ಲ. ನಾನು ಉಳಿಸಿ ಗೆಲ್ತಾ ಇರ್ಲಿಲ್ಲ, ಇಲ್ಲದೆ ಗೆಲ್ತಾ ಇದ್ದೆ. ಉಂಡ ಮನೆಗೇ ತಲೆ ಅನ್ನೋದು ನಿಮ್ಮ ನಿಯಮ. ಆರರಿಂದ ಭಾಗಿಸಿ ಅಜ್ಜ."

ಟೈಲ್ಸ್ ಅಣ್ಣತಮ್ಮಂದಿರು ತಲೆ ತಗ್ಗಿಸಿದರು. ಬೇಕರಿಯಮ್ಮ ಕುರ್ಚಿಯ ಕೈ ಹಿಡಿದುಕೊಂಡೇ ನಿಂತಳು. ಅಜ್ಜ ಭಾಗಿಸಲು ಕಣ್ಣು ಮುಚ್ಚಲೂ ಇಲ್ಲ.

"ನಲವತ್ನಾಲ್ಕು" ಎಂದರು ತಕ್ಷಣ. "ಹೋದ ವಾರ ನಲವತ್ತೈದು. ಅದರ ಹಿಂದಿನ ವಾರ ನಲವತ್ಮೂರು. ಪಣ ಶುರುವಾದಾಗಿಂದ ವಾರವಾರವೂ ಮನಸ್ಸಲ್ಲೇ ಆರರಿಂದ ಭಾಗಿಸ್ತಾ ಬಂದಿದೀನಿ. ಒಂದು ವಾರನೂ ಈ ಹೆಂಗಸು ಸೋತಿಲ್ಲ." ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ಆದ್ರೆ ಒಂದು ತಕರಾರು. ಮೂರೂ ತಲೆ ಅಲ್ಲಿ ಸೇರಿಸಿದ್ರೆ ಮೇಲಿನ ಮನೆಗೆ ತಲೆಯೇ ಉಳಿಯಲ್ವಲ್ಲಮ್ಮ. ಯಾವುದರಿಂದ ಭಾಗಿಸ್ಲಿ?"

"ಆಗ ನಮಗೆ ತಲೆ ಎಲ್ಲಿತ್ತು ಅಜ್ಜ. ಹೊಟ್ಟೆ ಮಾತ್ರ ಇತ್ತು."

ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಬೇಕರಿಯಮ್ಮ ಸೆರಗಿನಿಂದ ಬೆತ್ತದ ಕುರ್ಚಿಯನ್ನು ಒರೆಸಿ ಸೂಜಿಯಕ್ಕನ ಮುಂದೆ ತಂದಿಟ್ಟಳು. "ಕೂತ್ಕೋ ಮಾರಾಯ್ತಿ" ಎಂದಳು. "ನಿನ್ನ ಹತ್ರ ಸೋತೆ ಅಂತ ಹೇಳ್ಕೊಳ್ಳೋದೇ ನಂಗೆ ಮರ್ಯಾದೆ." ಸೂಜಿಯಕ್ಕ ಕೂತಳು. ಅವಳ ಮಗಳು ಹಿಂದಿನಿಂದ ಬಂದು ಅಮ್ಮನ ಹೆಗಲ ಮೇಲೆ ಗಲ್ಲ ಇಟ್ಟು ನಿಂತಳು. ಗಂಡ ಮೀಸೆ ನೀವಿಕೊಂಡ. ಮೇಲ್ಮನೆಯವಳು ಚೀಲಗಳನ್ನು ಬದಿಗಿಟ್ಟು, ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿಗೆ ಇಳಿದು, ಬೆನ್ನು ನೆಟ್ಟಗೆ ಮಾಡಿ ಕೂತಳು. ಆ ಮೆಟ್ಟಿಲಲ್ಲಿ ಅಷ್ಟು ಹೆಮ್ಮೆಯಿಂದ ಕೂತವರನ್ನು ಕಟ್ಟಡ ಅದುವರೆಗೆ ಕಂಡಿರಲಿಲ್ಲ.

"ಅಕ್ಕ, ನಾಳೆ ಏಳು ಗಂಟೆಗೆ ಮೂರೂ ಜನ ಬನ್ನಿ" ಎಂದು ಮೇಲೆ ನೋಡಿ ಹೇಳಿದಳು. "ಲೇಟಾದ್ರೆ ಪಣ ರದ್ದು."

ಮಾರನೆಯ ಸಂಜೆ ಮೇಲಿನ ಒಂಟಿ ಕೋಣೆಯಲ್ಲಿ ಆರು ಜನ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಉಂಡರು. ಸೂಜಿಯಕ್ಕ ಎರಡು ಸಲ ಹಾಕಿಸಿಕೊಂಡು, ಉಪ್ಪು ಸ್ವಲ್ಪ ಕಡಿಮೆಯಾಯಿತೆಂದು ಹೇಳಿ ಲೆಕ್ಕ ಚುಕ್ತಾ ಮಾಡಿದಳು. ಕೈ ತೊಳೆದು ಏಳುವ ಹೊತ್ತಿಗೆ ದೊಡ್ಡ ಹುಡುಗಿ ಶಾಲೆಯ ಲಂಗ ತಂದು ಅವಳ ಮಡಿಲಲ್ಲಿ ಹಾಕಿದಳು.

"ದೊಡ್ಡಮ್ಮ, ಸೊಂಟ ಬಿಗೀತಿದೆ. ಹುಕ್ಕು ಹಾಕೋಕೇ ಆಗಲ್ಲ."

ಸೂಜಿಯಕ್ಕ ಸೆರಗಿಗೆ ಸಿಕ್ಕಿಸಿಕೊಂಡಿದ್ದ ಸೂಜಿ ತೆಗೆದು, ದೀಪದ ಕೆಳಗೆ ಸರಿದು, ತಾನೇ ಹಾಕಿದ್ದ ದೊಡ್ಡ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚಿದಳು. ಒಳಗೆ ಮಡಚಿಟ್ಟಿದ್ದ ಬಟ್ಟೆ ಬಿಸಿಲು ಕಾಣದೆ ಉಳಿದದ್ದಕ್ಕಿಂತ ಗಾಢ ಬಣ್ಣದಲ್ಲೇ ಇತ್ತು, ಪೂರ್ತಿ ಬೇಕಾಯಿತು.